ಒಣ ಹವೆ, ಬೀಸುಗಾಳಿ, ಕಾಳ್ಗಿಚ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆಯ ಒಣ ಹವೆ ಮತ್ತು ಕಾಡಿನ ಬೆಂಕಿಯ ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಉತ್ತರಕ್ಕೆ ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ಹವಾಮಾನ ಇಲಾಖೆಯ ವರದಿಯಲ್ಲಿ ‘ದಕ್ಷಿಣ ಒಳನಾಡಿನಲ್ಲಿ ಒಣ ಹವೆ ಇರಲಿದೆ’ ಎಂಬ ಒಂದು ಸಾಲು ಮಾತ್ರ ಇರುತ್ತದೆ. ಅದೇ ವಾರ ಅರಣ್ಯ ಇಲಾಖೆಯವರು ಊರಿಗೆ ಬಂದು, ಬದುವಿನ ಕಸಕ್ಕೆ ಬೆಂಕಿ ಹಾಕಬೇಡಿ ಎಂದು ಹೇಳಿ ಹೋಗುತ್ತಾರೆ. ಫೆಬ್ರುವರಿಯ ಬಿಸಿಲು ಏಪ್ರಿಲ್ ತಿಂಗಳಿನಷ್ಟು ಉರಿಯಾಗಿರುವುದಿಲ್ಲ. ಹಾಗಿದ್ದರೂ ಇಷ್ಟು ಆತಂಕವೇಕೆ? (ಗುಂಡ್ಲುಪೇಟೆ ತಾಲ್ಲೂಕಿನ ರೈತರೊಬ್ಬರು)

ಉತ್ತರ: ಕಾಡಿನ ಬೆಂಕಿಯ ವಿಷಯದಲ್ಲಿ ಉಷ್ಣಾಂಶದ ಅಂಕಿಯೊಂದನ್ನೇ ನೋಡಿದರೆ ದಾರಿ ತಪ್ಪುತ್ತದೆ. ಗಾಳಿಯಲ್ಲಿ ತೇವಾಂಶ ಎಷ್ಟಿದೆ, ಗಾಳಿ ಎಷ್ಟು ವೇಗವಾಗಿ ಬೀಸುತ್ತಿದೆ, ಕೊನೆಯ ಮಳೆ ಬಿದ್ದು ಎಷ್ಟು ದಿನಗಳಾದವು ಎಂಬ ಮೂರು ಸಂಗತಿಗಳನ್ನು ಒಟ್ಟಿಗೆ ನೋಡಬೇಕು. ಹಿಂಗಾರು ಮಳೆ ಡಿಸೆಂಬರ್ ಹೊತ್ತಿಗೆ ಮುಗಿಯುತ್ತದೆ. ಬಂಡೀಪುರದಂತಹ ಎಲೆ ಉದುರುವ ಕಾಡುಗಳಲ್ಲಿ ಜನವರಿಯಿಂದಲೇ ನೆಲದ ಮೇಲೆ ತರಗೆಲೆಯ ಹಾಸು ಬೀಳತೊಡಗುತ್ತದೆ, ಆಳೆತ್ತರದ ಹುಲ್ಲು ಒಣಗಿ ನಿಲ್ಲುತ್ತದೆ, ಅದರ ನಡುವೆ ಲಂಟಾನ ಎಂಬ ಕಳೆಗಿಡದ ಪೊದೆಗಳು ಬೆಂಕಿಯನ್ನು ನೆಲದಿಂದ ಮರದ ಕೊಂಬೆಯವರೆಗೆ ಏರಿಸಬಲ್ಲ ಏಣಿಯಾಗುತ್ತವೆ. ಇಬ್ಬನಿ ಕಡಿಮೆಯಾದಂತೆ ರಾತ್ರಿಯಲ್ಲಿ ಸಿಗುತ್ತಿದ್ದ ಅಲ್ಪಸ್ವಲ್ಪ ತೇವವೂ ಇಲ್ಲವಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಬಿಸಿಲು ಹೆಚ್ಚಾದರೂ ಆಗ ಗುಡುಗು ಮಳೆಗಳು ಆರಂಭವಾಗಿರುತ್ತವೆ. ಆದ್ದರಿಂದಲೇ ನಮ್ಮ ಭಾಗದಲ್ಲಿ ಅತ್ಯಂತ ಅಪಾಯದ ಅವಧಿ ಫೆಬ್ರುವರಿ ಮತ್ತು ಮಾರ್ಚ್.

2019ರ ಫೆಬ್ರುವರಿಯ ಕೊನೆಯ ದಿನಗಳು ಇದಕ್ಕೆ ಸಾಕ್ಷಿ. ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಹಾಗೂ ಕುಂದಕೆರೆ ಭಾಗದಲ್ಲಿ ಹೊತ್ತಿದ ಬೆಂಕಿ ಕೆಲವೇ ದಿನಗಳಲ್ಲಿ ಬಂಡೀಪುರದ 4,000 ಹೆಕ್ಟೇರಿಗೂ ಹೆಚ್ಚು ಕಾಡನ್ನು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಅದೇ ವಾರ, ಫೆಬ್ರುವರಿ 23ರಂದು, ಯಲಹಂಕದ ವೈಮಾನಿಕ ಪ್ರದರ್ಶನದ ವಾಹನ ನಿಲುಗಡೆ ಜಾಗದಲ್ಲಿ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರುಗಳು ಸುಟ್ಟುಹೋದದ್ದು ಬಹಳ ಓದುಗರಿಗೆ ನೆನಪಿರಬಹುದು. ಒಂದು ದಟ್ಟ ಕಾಡು, ಇನ್ನೊಂದು ನಗರದ ಅಂಚಿನ ಬಯಲು. ಎರಡೂ ಕಡೆ ಒಣಹುಲ್ಲಿತ್ತು, ತೇವವಿಲ್ಲದ ಬೀಸುಗಾಳಿಯಿತ್ತು. ವರದಿಯಲ್ಲಿನ ‘ಒಣ ಹವೆ’ ಎಂಬ ಆ ಒಂದು ಸಾಲನ್ನು ಕಾಡಂಚಿನ ರೈತರು ಮಳೆಯ ಮುನ್ಸೂಚನೆಯಷ್ಟೇ ಗಂಭೀರವಾಗಿ ಓದಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಸಿಡಿಲಿನಿಂದ ಕಾಡು ಹೊತ್ತುವುದು ಅಪರೂಪ. ಹವೆ ಕಾಡನ್ನು ಒಣಗಿಸಿ ಸಿದ್ಧವಾಗಿಡುತ್ತದೆ, ಕಿಡಿ ಬರುವುದು ಬಹುಮಟ್ಟಿಗೆ ಮನುಷ್ಯರ ಕೈಯಿಂದಲೇ. ಹೊಲದ ಕೂಳೆ ಸುಡಲೇಬೇಕಾದ ಅನಿವಾರ್ಯವಿದ್ದರೂ ಗಾಳಿ ಬೀಸುವ ಮಧ್ಯಾಹ್ನದಲ್ಲಿ ಅದನ್ನು ಮಾಡಬಾರದು. ಕೂಳೆಯನ್ನು ಕೊಚ್ಚಿ ಗೊಬ್ಬರ ಮಾಡುವುದು ಹೊಲಕ್ಕೂ ಕಾಡಿಗೂ ಒಳ್ಳೆಯದು.

ಪ್ರಶ್ನೆ: ಮೊನ್ನೆ ನಮ್ಮಲ್ಲಿ ಒಳ್ಳೆಯ ಹೂಮಳೆಯಾಯಿತು, ಕಾಫಿ ಗಿಡಗಳು ಮೊಗ್ಗು ಬಿಟ್ಟಿವೆ. ಇನ್ನು ಈ ವರ್ಷಕ್ಕೆ ಗುಡ್ಡದ ಬೆಂಕಿಯ ಭಯವಿಲ್ಲ ಎನ್ನಬಹುದೇ? (ಮೂಡಿಗೆರೆಯ ಬೆಳೆಗಾರರು)

ಉತ್ತರ: ಹಾಗೆ ಭಾವಿಸುವಂತಿಲ್ಲ. ಹುಲ್ಲಿನ ಎಸಳು, ತರಗೆಲೆ, ಬೆರಳಿಗಿಂತ ಸಣ್ಣ ಕಡ್ಡಿ ಇವೆಲ್ಲ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ಒಂದೆರಡು ಗಂಟೆಗಳಲ್ಲೇ ಒಣಗಿಬಿಡುತ್ತವೆ. ಆರು ಮಿಲಿಮೀಟರಿಗಿಂತ ತೆಳುವಾದ ಇಂಧನವನ್ನು ಬೆಂಕಿಯ ಬಗ್ಗೆ ಅಧ್ಯಯನ ಮಾಡುವವರು ‘ಒಂದು ಗಂಟೆಯ ಇಂಧನ’ ಎಂದು ಕರೆಯುವುದು ಇದೇ ಕಾರಣಕ್ಕೆ. ಬಿದ್ದ ದೊಡ್ಡ ದಿಮ್ಮಿಗಳು ಮಳೆಯ ತೇವವನ್ನು ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುತ್ತವೆ ನಿಜ, ಆದರೆ ಬೆಂಕಿ ಓಡುವುದು ಹುಲ್ಲಿನ ಮೇಲೆ. ಮೋಡ ಚೆದುರಿ ಎರಡು ದಿನ ಒಣಗಾಳಿ ಬೀಸಿತೆಂದರೆ ಗುಡ್ಡದ ಹುಲ್ಲು ಮಳೆ ಬಂದದ್ದನ್ನೇ ಮರೆತಿರುತ್ತದೆ. ಮೇಲಿಂದ ಮೇಲೆ ಹದವಾದ ಮಳೆಯಾಗಿ ಹೊಸ ಹಸಿರು ಎದ್ದ ಮೇಲೆ ಮಾತ್ರ ನೆಮ್ಮದಿ.

ಪ್ರಶ್ನೆ: ನನ್ನ ಮಗಳು, ಅಳಿಯ ಲಾಸ್ ಏಂಜಲೀಸ್ ಬಳಿ ಇದ್ದಾರೆ. ಅವರ ಫೋನಿಗೆ ಆಗಾಗ ‘ರೆಡ್ ಫ್ಲ್ಯಾಗ್’ ಎಚ್ಚರಿಕೆ ಬರುತ್ತದಂತೆ. ಏನದು? ನಮ್ಮಲ್ಲಿ ಅಂತಹ ವ್ಯವಸ್ಥೆ ಇಲ್ಲವೇ? (ಮೈಸೂರಿನ ಹಿರಿಯ ಓದುಗರು)

ಉತ್ತರ: ನಿಮ್ಮ ಕಾಳಜಿ ಸಹಜವಾದದ್ದು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯು ಒಣ ಇಂಧನ, ಕಡಿಮೆ ತೇವಾಂಶ, ಬಿರುಸಾದ ಗಾಳಿ ಈ ಮೂರೂ ಕೂಡುವ ಸಮಯಕ್ಕೆ ‘ರೆಡ್ ಫ್ಲ್ಯಾಗ್’ ಎಚ್ಚರಿಕೆ ನೀಡುತ್ತದೆ. ಮಿತಿಗಳು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತವೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸ್ಥೂಲವಾಗಿ ಹೇಳುವುದಾದರೆ ಸಾಪೇಕ್ಷ ಆರ್ದ್ರತೆ (ಆಗಿನ ಉಷ್ಣಾಂಶದಲ್ಲಿ ಗಾಳಿ ಹಿಡಿದಿಡಬಲ್ಲ ಗರಿಷ್ಠ ತೇವಕ್ಕೆ ಹೋಲಿಸಿದರೆ ಅದರಲ್ಲಿರುವ ತೇವ) ಶೇ 15 ಅಥವಾ ಅದಕ್ಕಿಂತ ಕಡಿಮೆಯಿದ್ದು, ಗಂಟೆಗೆ ಸುಮಾರು 40 ಕಿ.ಮೀ. ವೇಗದ ಗಾಳಿ ಹಲವು ಗಂಟೆಗಳ ಕಾಲ ಬೀಸುವ ಸಂಭವವಿರಬೇಕು. ಅಲ್ಲಿನ ‘ಸಾಂತಾ ಆನಾ’ ಗಾಳಿ ಒಳನಾಡಿನ ಎತ್ತರದ ಮರುಭೂಮಿಯಿಂದ ಹೊರಟು ಬೆಟ್ಟಗಳ ಕಣಿವೆಗಳಲ್ಲಿ ಕೆಳಗಿಳಿಯುತ್ತದೆ. ಕೆಳಗಿಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಕಾಯುತ್ತದೆ, ಕಾದಷ್ಟೂ ಅದರ ಸಾಪೇಕ್ಷ ಆರ್ದ್ರತೆ ಕುಸಿಯುತ್ತದೆ. ಹೀಗಾಗಿ ಅಲ್ಲಿ ಚಳಿಗಾಲದಲ್ಲೂ ಬೆಂಕಿಯ ಭಯ ತಪ್ಪಿದ್ದಲ್ಲ.

2025ರ ಜನವರಿ 7ರಂದು ಪ್ಯಾಲಿಸೇಡ್ಸ್ ಮತ್ತು ಈಟನ್ ಎಂಬ ಹೆಸರಿನ ಬೆಂಕಿಗಳು ಎದ್ದಾಗ ಲಾಸ್ ಏಂಜಲೀಸ್ ನಗರಕ್ಕೆ ಹಿಂದಿನ ಮೇ ತಿಂಗಳಿನಿಂದ 5 ಮಿ.ಮೀ. ಮಳೆಯೂ ಬಂದಿರಲಿಲ್ಲ. ಅದಕ್ಕೂ ಹಿಂದಿನ ಎರಡು ಚಳಿಗಾಲಗಳ ಭಾರಿ ಮಳೆಗೆ ಬೆಳೆದಿದ್ದ ಹುಲ್ಲು ಮತ್ತು ಪೊದೆ ಸಂಪೂರ್ಣ ಒಣಗಿದ್ದವು. ಗಾಳಿಯ ಅಬ್ಬರಕ್ಕೆ ನೀರು ಸುರಿಯುವ ವಿಮಾನಗಳನ್ನು ಆ ರಾತ್ರಿ ಕೆಳಗಿಳಿಸಬೇಕಾಯಿತು. 16,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಎಚ್ಚರಿಕೆ ಮೊದಲೇ ಬಂದಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಅಂತಹ ಗಾಳಿಯೆದುರು ಅಗ್ನಿಶಾಮಕ ದಳಕ್ಕೆ ಮಾಡಲಾಗುವುದು ಬಹಳ ಕಡಿಮೆ, ಆದರೆ ಜನರು ಮನೆ ಬಿಟ್ಟು ಹೊರಡಲು ಆ ಎಚ್ಚರಿಕೆ ಸಮಯ ಕೊಡುತ್ತದೆ. ಮನೆ ಬಿಡಿ ಎಂಬ ಸೂಚನೆ ಬಂದೊಡನೆ ಸಾಮಾನು ಜೋಡಿಸುತ್ತ ಕೂರದೆ ಹೊರಡುವಂತೆ ನಿಮ್ಮ ಮಕ್ಕಳಿಗೆ ಖಂಡಿತ ಹೇಳಿ. ಕಾಗದಪತ್ರ, ಔಷಧಿಗಳನ್ನು ಒಂದು ಚೀಲದಲ್ಲಿ ಮೊದಲೇ ಇಟ್ಟಿರಲಿ.

ನಮ್ಮಲ್ಲಿ ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ಉಪಗ್ರಹಗಳು ಗುರುತಿಸಿದ ಬೆಂಕಿಯ ತಾಣಗಳನ್ನು ಅರಣ್ಯ ಇಲಾಖೆಗಳಿಗೆ ತಿಳಿಸುತ್ತದೆ. ಹೆಸರು ನೋಂದಾಯಿಸಿಕೊಂಡ ಸಾರ್ವಜನಿಕರಿಗೂ ಎಸ್ಸೆಮ್ಮೆಸ್ ಬರುತ್ತದೆ. ಆದರೆ ಇದು ಹೊತ್ತಿದ ಮೇಲಿನ ಸುದ್ದಿ. ‘ನಾಳೆ ಮಧ್ಯಾಹ್ನ ನಿಮ್ಮ ತಾಲ್ಲೂಕಿನಲ್ಲಿ ಗಾಳಿ ಬಿರುಸಾಗಿರುತ್ತದೆ, ಎಲ್ಲಿಯೂ ಬೆಂಕಿ ಹಚ್ಚಬೇಡಿ’ ಎಂಬ ಸರಳ ಮಾತು ಮಳೆಯ ಹಳದಿ, ಕಿತ್ತಳೆ ಎಚ್ಚರಿಕೆಗಳಂತೆ ಪ್ರತಿ ಹಳ್ಳಿಯನ್ನೂ ಮುಟ್ಟಬೇಕಾಗಿದೆ.

ಪ್ರಶ್ನೆ: ಕಾಡಿಗೆ ಬೆಂಕಿ ಬಿದ್ದರೆ ಹೊಸ ಹುಲ್ಲು ಬರುತ್ತದೆ, ಉಣ್ಣೆ ಹುಳುಗಳು ಸಾಯುತ್ತವೆ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೆಂಕಿ ಹಾಕುತ್ತಿದ್ದರಲ್ಲವೇ? (ಚಾಮರಾಜನಗರದ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಅಜ್ಜ ಹೇಳಿದ್ದರಲ್ಲಿ ಹುರುಳಿದೆ. ಸೋಲಿಗರ ‘ತರಗು ಬೆಂಕಿ’ ಬೇಸಿಗೆ ಕಾಲಿಡುವ ಮುನ್ನವೇ, ಹುಲ್ಲು ಪೂರ್ತಿ ಒಣಗುವ ಮೊದಲು ಹಚ್ಚುತ್ತಿದ್ದ ತಣ್ಣನೆಯ ಬೆಂಕಿ. ಅದು ನೆಲದ ತರಗನ್ನಷ್ಟೇ ಸುಟ್ಟು ಮರಗಳನ್ನು ಉಳಿಸುತ್ತಿತ್ತು. 1974ರಲ್ಲಿ ಆ ಬೆಟ್ಟಗಳು ವನ್ಯಧಾಮವಾದ ಮೇಲೆ ಈ ಪದ್ಧತಿ ನಿಂತಿತು. ಅದು ನಿಂತದ್ದರಿಂದಲೇ ಲಂಟಾನ ಹಬ್ಬಿತು ಎಂಬ ಸೋಲಿಗರ ಮಾತನ್ನು ಸಂಶೋಧಕರೂ ಗಂಭೀರವಾಗಿ ಪರಿಶೀಲಿಸಿದ್ದಾರೆ. ಅವರ ಅರಿವನ್ನು ಕಾಡಿನ ನಿರ್ವಹಣೆಯಲ್ಲಿ ಬಳಸಿಕೊಳ್ಳಬೇಕೆಂಬುದೇ ನನ್ನ ಅಭಿಪ್ರಾಯ. ಅರಣ್ಯ ಇಲಾಖೆ ಬೇಸಿಗೆಗೆ ಮುನ್ನ ಬೆಂಕಿ ರೇಖೆಗಳನ್ನು (ಬೆಂಕಿ ದಾಟದಂತೆ ಬರಿದು ಮಾಡುವ ನೆಲದ ಪಟ್ಟಿಗಳನ್ನು) ಸುಡುವುದರ ಹಿಂದೆಯೂ ಇದಕ್ಕೆ ಹತ್ತಿರವಾದ ತಿಳಿವಳಿಕೆಯೇ ಇದೆ. ಆದರೆ ಇಂದು ಲಂಟಾನ ತುಂಬಿದ ಕಾಡಿಗೆ ಮಾರ್ಚ್ ತಿಂಗಳ ಗಾಳಿಯಲ್ಲಿ, ಉದುರಿದ ಜಿಂಕೆಯ ಕೊಂಬು ಹುಡುಕಲೆಂದೋ ದನಕ್ಕೆ ಚಿಗುರು ಬರಲೆಂದೋ ಹಚ್ಚುವ ಬೆಂಕಿಗೆ ಸೋಲಿಗರ ಹೆಸರು ಹೇಳುವುದು ಅವರಿಗೆ ಮಾಡುವ ಅನ್ಯಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೆಯ ಸೆಕ್ಷನ್ ಪ್ರಕಾರ ವನ್ಯಧಾಮಕ್ಕೆ ಬೆಂಕಿ ಹಚ್ಚುವುದು ನಿಷಿದ್ಧ.

ಪ್ರಶ್ನೆ: ಚಾರಣದ ವೇಳೆ ದೂರದಲ್ಲಿ ಹೊಗೆ ಕಂಡರೆ ಏನು ಮಾಡಬೇಕು? (ಬೆಂಗಳೂರಿನ ಓದುಗರು)

ಉತ್ತರ: ಬೆಂಕಿಗಿಂತ ಮೇಲಿನ ಇಳಿಜಾರಿನಲ್ಲಿ ನಿಲ್ಲಬೇಡಿ. ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದರಿಂದ ಬೆಂಕಿ ಗುಡ್ಡ ಹತ್ತುವಾಗ ಮನುಷ್ಯನಿಗಿಂತ ವೇಗವಾಗಿ ಓಡಬಲ್ಲದು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿ, ಅದರ ದಾರಿಯಿಂದ ಅಡ್ಡಲಾಗಿ ಸರಿದು, ಈಗಾಗಲೇ ಸುಟ್ಟ ನೆಲ, ಬಂಡೆ ಅಥವಾ ಹಳ್ಳದ ಕಡೆಗೆ ಇಳಿಯಿರಿ. ತರಬೇತಿಯಿಲ್ಲದೆ ಸೊಪ್ಪು ಹಿಡಿದು ಬೆಂಕಿ ಬಡಿಯಲು ಹೋಗಬೇಡಿ. 2017ರಲ್ಲಿ ಬಂಡೀಪುರದಲ್ಲಿ ಬೆಂಕಿ ನಂದಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರೇ ಪ್ರಾಣ ಕಳೆದುಕೊಂಡರು. ಸುರಕ್ಷಿತ ಜಾಗ ತಲುಪಿದ ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ, ಹತ್ತಿರದ ಊರು ಅಥವಾ ಬೆಟ್ಟದ ಹೆಸರು, ಹೊಗೆ ಕಾಣುವ ದಿಕ್ಕು, ಗಾಳಿ ಬೀಸುವ ದಿಕ್ಕು ಇಷ್ಟನ್ನು ಸ್ಪಷ್ಟವಾಗಿ ತಿಳಿಸಿ.