ಆರೈಕೆ ವಿಮೆ: ಪ್ರೀಮಿಯಂ ಆಮೇಲೆ, ಮೊದಲು ಕ್ಲೇಮಿನ ಷರತ್ತು

ವಯಸ್ಸಾದ ಮೇಲಿನ ದೀರ್ಘಾವಧಿ ಆರೈಕೆಗೆ ವಿಮೆ ಮಾಡಿಸಬೇಕು ಅನ್ನುವವರು ಕೇಳುವುದು ಹೆಚ್ಚಾಗಿ ಒಂದೇ: "ಯಾವುದು ಅಗ್ಗ?" ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಪ್ರಶ್ನೆ: ನನಗೆ 58, ಹೆಂಡತಿಗೆ 55. ಎರಡು ಪಾಲಿಸಿ ನೋಡಿದ್ದೇವೆ. ಎರಡರಲ್ಲೂ ದಿನಕ್ಕೆ ಸಿಗುವ ಮೊತ್ತ ಒಂದೇ, ಮೂರು ವರ್ಷದ ಆರೈಕೆ, 90 ದಿನ ಕಾಯುವ ಅವಧಿ. ಒಂದರ ಪ್ರೀಮಿಯಂ ಕಾಲು ಭಾಗ ಕಡಿಮೆ. ಅದನ್ನೇ ತಗೊಳ್ಳಬಹುದಲ್ವಾ? ಇನ್ನೊಬ್ಬ ಏಜೆಂಟ್ ಜೀವವಿಮೆ ಸೇರಿದ ಪಾಲಿಸಿಯೇ ಒಳ್ಳೆಯದು ಅನ್ನುತ್ತಾರೆ.

ಉತ್ತರ: ಮುಂಗಡ ಕಟ್ಟಬೇಡಿ. ಮೊದಲು ಪಾಲಿಸಿಯ ಪೂರ್ತಿ ಪ್ರತಿ ತರಿಸಿಕೊಳ್ಳಿ. ಬಣ್ಣದ ಕರಪತ್ರದಿಂದ ಏನೂ ಗೊತ್ತಾಗುವುದಿಲ್ಲ.

ಆರೈಕೆ ಶುರುವಾದ ಮೇಲೆ ವಿಮೆಯ ಹಣ ಬರಲು ಕಾಯಬೇಕಾದ "90 ದಿನ" ಅಂದರೆ ಯಾವ ದಿನ? ಕ್ಯಾಲೆಂಡರ್ ದಿನಗಳಾದರೆ ಮೂರು ತಿಂಗಳಿಗೆ ಮುಗಿಯುತ್ತದೆ. ಆದರೆ ಕೆಲವು ಪಾಲಿಸಿಗಳು ಹಣ ಕೊಟ್ಟು ಆರೈಕೆ ಪಡೆದ ದಿನಗಳನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತವೆ. ಆರೈಕೆಯವರು ವಾರಕ್ಕೆ ಮೂರು ದಿನ ಬರುತ್ತಾರೆ ಅಂತಿಟ್ಟುಕೊಳ್ಳಿ. 90 ದಿನ ತುಂಬಲು 30 ವಾರ ಬೇಕು, ಅಂದರೆ ಸುಮಾರು ಏಳು ತಿಂಗಳು. ಅಷ್ಟೂ ದಿನದ ಖರ್ಚು ನಿಮ್ಮ ಕೈಯಿಂದಲೇ. ಅಗ್ಗದ ಪಾಲಿಸಿ ಅಗ್ಗವಾಗಿರಲು ಇಂಥ ಒಂದು ಸಾಲು ಸಾಕು.

ಆಮೇಲೆ, ಕ್ಲೇಮ್ ಯಾವಾಗ ಶುರುವಾಗುತ್ತದೆ ನೋಡಿ. ಸಾಮಾನ್ಯವಾಗಿ ಆರು ಕೆಲಸಗಳ ಪಟ್ಟಿ ಇರುತ್ತದೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಊಟ, ಶೌಚಾಲಯ ಬಳಸುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಹೋಗುವುದು, ಮಲಮೂತ್ರ ಹಿಡಿತದಲ್ಲಿಡುವುದು. ಇವುಗಳಲ್ಲಿ ಎರಡಕ್ಕೆ ಇನ್ನೊಬ್ಬರ ನೆರವು ಬೇಕಾದರೆ ದುಡ್ಡು. ಪಟ್ಟಿಯಲ್ಲಿ ಸ್ನಾನ ಇಲ್ಲದಿದ್ದರೆ ಆ ಪಾಲಿಸಿ ಬಿಟ್ಟುಬಿಡಿ. ಹೆಚ್ಚಿನವರಿಗೆ ಮೊದಲು ಕಷ್ಟವಾಗುವುದೇ ಸ್ನಾನ. ನೆರವು ಅಂದರೆ ಮೈಮುಟ್ಟಿ ಮಾಡುವ ನೆರವು ಮಾತ್ರವೋ, ಬಿದ್ದಾರು ಅಂತ ಪಕ್ಕದಲ್ಲಿ ನಿಂತಿರುವುದೂ ಸೇರುತ್ತದೋ? ಬರಹದಲ್ಲಿ ಕೇಳಿ. ಮರೆವಿನ ಕಾಯಿಲೆಗೆ ಬೇರೆಯೇ ಷರತ್ತು ಇರಬೇಕು. ಡಿಮೆನ್ಶಿಯಾ ಇದ್ದವರು ತಾವೇ ಅಂಗಿ ಹಾಕಿಕೊಳ್ಳಬಲ್ಲರು, ತಾವೇ ಉಣ್ಣಬಲ್ಲರು. ಆದರೆ ಒಲೆ ಹಚ್ಚಿಟ್ಟು ಹೊರಗೆ ಹೊರಟುಬಿಡುತ್ತಾರೆ. ಅವರನ್ನು ಒಂಟಿಯಾಗಿ ಬಿಡಲು ಆಗುವುದಿಲ್ಲ, ಆ ಆರು ಕೆಲಸದ ಪಟ್ಟಿಯಲ್ಲಿ ಮಾತ್ರ ಪಾಸಾಗುತ್ತಾರೆ.

ಇನ್ನು ಬೆಲೆ ಏರಿಕೆ. ಇವತ್ತು ಒಂದು ದಿನದ ಆರೈಕೆಗೆ 100 ಖರ್ಚು ಅಂತಿಟ್ಟುಕೊಳ್ಳಿ. ವರ್ಷಕ್ಕೆ ಶೇ 5 ಏರಿದರೆ 20 ವರ್ಷಕ್ಕೆ ಅದು 265 ಆಗುತ್ತದೆ. ಮೊತ್ತ ಏರದ ಪಾಲಿಸಿ ಆಗಲೂ 100 ಕೊಡುತ್ತದೆ. ಶೇ 5 ಸರಳ ಏರಿಕೆ ಇದ್ದರೆ 200, ಶೇ 3 ಚಕ್ರಬಡ್ಡಿ ಲೆಕ್ಕವಾದರೆ 181. ನಿಮ್ಮ ವಯಸ್ಸಿನಲ್ಲಿ ಈ ಏರಿಕೆ ಇಲ್ಲದ ಪಾಲಿಸಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಪ್ರೀಮಿಯಂ ಜಾಸ್ತಿಯಾಯಿತು ಅನ್ನಿಸಿದರೆ ಆರೈಕೆಯ ಅವಧಿಯನ್ನು ಮೂರರಿಂದ ಎರಡು ವರ್ಷಕ್ಕೆ ಇಳಿಸಿ, ಏರಿಕೆಯನ್ನು ಕತ್ತರಿಸಬೇಡಿ.

ಜೀವವಿಮೆ ಸೇರಿದ್ದರ ಬಗ್ಗೆ. ಅದರಲ್ಲಿ ಪ್ರೀಮಿಯಂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಆರೈಕೆ ಬೇಕಾಗದಿದ್ದರೆ ಹಣ ಮಕ್ಕಳಿಗೆ ಸೇರುತ್ತದೆ. ಬರೀ ಆರೈಕೆಯ ಪಾಲಿಸಿಗೆ ಆ ಖಾತರಿ ಇಲ್ಲ. ಅಮೆರಿಕದಲ್ಲಿ ಕಂಪನಿಗಳು ಎಷ್ಟು ಜನ ಪಾಲಿಸಿಯನ್ನು ಮಧ್ಯದಲ್ಲೇ ಬಿಡುತ್ತಾರೆ ಅನ್ನುವ ಅಂದಾಜಿನಲ್ಲಿ ಎಡವಿದವು, ಬಡ್ಡಿದರವೂ ಕುಸಿಯಿತು, ಹಳೆಯ ಗ್ರಾಹಕರ ಪ್ರೀಮಿಯಂ ಮತ್ತೆ ಮತ್ತೆ ಏರಿತು. ಹಾಗಂತ ಜೀವವಿಮೆ ಸೇರಿದ್ದೇ ವಾಸಿ ಅಂತಲ್ಲ. ದೊಡ್ಡ ಮೊತ್ತ ಒಂದೇ ಕಡೆ ಸಿಕ್ಕಿಕೊಳ್ಳುತ್ತದೆ. ಕೆಲವು ಪಾಲಿಸಿಗಳಲ್ಲಿ ಆರೈಕೆಗೆ ಅಂತ ಸಿಗುವುದು ಸತ್ತ ಮೇಲೆ ಬರಬೇಕಿದ್ದ ಹಣವೇ, ಸ್ವಲ್ಪ ಮುಂಚೆ ಅಷ್ಟೇ. ಅದು ಮುಗಿದ ಮೇಲೂ ಆರೈಕೆಗೆ ಹಣ ಬರುತ್ತದೆಯೇ ಅಂತ ಏಜೆಂಟನ್ನು ಕೇಳಿ. ತಡವರಿಸಿದರೆ ಎದ್ದು ಬನ್ನಿ.

ನಾನು ಸ್ವಲ್ಪ ಹೆದರುವ ಸ್ವಭಾವದವಳು, ಅದಕ್ಕೇ ಹೇಳುತ್ತೇನೆ: ಪ್ರೀಮಿಯಂ ಅರ್ಧದಷ್ಟು ಏರಿದರೂ ನಿವೃತ್ತಿಯ ನಂತರ ಕಟ್ಟಲು ಸಾಧ್ಯವಾ? ಇಲ್ಲ ಅಂದರೆ ಬರೀ ಆರೈಕೆಯ ಪಾಲಿಸಿಯನ್ನು ಚಿಕ್ಕದಾಗಿ ತಗೊಳ್ಳಿ. ಇಪ್ಪತ್ತು ವರ್ಷ ಕಟ್ಟಿ 78ರಲ್ಲಿ ಕೈಬಿಡುವುದಕ್ಕಿಂತ ದೊಡ್ಡ ನಷ್ಟ ಇದರಲ್ಲಿಲ್ಲ.

ಪ್ರಶ್ನೆ: ಆರೋಗ್ಯ ವಿಮೆ ಇದೆ. ಇದೂ ಬೇಕಾ?

ಉತ್ತರ: ಆರೋಗ್ಯ ವಿಮೆ ಚಿಕಿತ್ಸೆಗೆ. ದಿನಾ ಸ್ನಾನ ಮಾಡಿಸುವವರಿಗೆ ಅದು ಸಂಬಳ ಕೊಡುವುದಿಲ್ಲ.

ಪ್ರಶ್ನೆ: ಅಮ್ಮನಿಗೆ 72, ಪಾರ್ಕಿನ್ಸನ್ ಇದೆ. ಕಾಯಿಲೆ ಬರೆಯಬೇಡಿ, ಪಾಲಿಸಿ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ.

ಉತ್ತರ: ಅವರನ್ನು ಮನೆಯೊಳಗೆ ಬಿಡಬೇಡಿ. ಪಾರ್ಕಿನ್ಸನ್ ಇದ್ದವರ ಅರ್ಜಿಯನ್ನು ಕಂಪನಿಗಳು ಸಾಮಾನ್ಯವಾಗಿ ತಿರಸ್ಕರಿಸುತ್ತವೆ. ಮುಚ್ಚಿಟ್ಟರೆ ಕ್ಲೇಮ್ ಸಮಯದಲ್ಲಿ ಹಳೆಯ ದಾಖಲೆ ತೆಗೆದು ಪಾಲಿಸಿಯನ್ನೇ ರದ್ದು ಮಾಡಬಹುದು. ಏಜೆಂಟ್ ಕಮಿಷನ್ ತಗೊಂಡು ಹೋಗಿರುತ್ತಾನೆ, ಉತ್ತರ ಕೊಡಬೇಕಾದವರು ನೀವು. ಪ್ರೀಮಿಯಂಗೆ ಅಂತ ಇಟ್ಟ ಹಣವನ್ನು ಅಮ್ಮನ ಆರೈಕೆಗೇ ಎತ್ತಿಡಿ.

ಪ್ರಶ್ನೆ: ಮಗಳೇ ನೋಡಿಕೊಂಡರೆ ಅವಳಿಗೆ ವಿಮೆಯ ಹಣ ಸಿಗುತ್ತದೆಯೇ?

ಉತ್ತರ: ಬಿಲ್ ತೋರಿಸಿ ಹಣ ಪಡೆಯುವ ಪಾಲಿಸಿಯಲ್ಲಿ ಹೆಚ್ಚಾಗಿ ಇಲ್ಲ. ನಗದು ಕೊಡುವ ಪಾಲಿಸಿಯಲ್ಲಿ ಹೌದು, ಪ್ರೀಮಿಯಂ ಜಾಸ್ತಿ.

ಪ್ರಶ್ನೆ: ಜಪಾನ್, ಜರ್ಮನಿಯಲ್ಲಿ ಸರ್ಕಾರವೇ ಎಲ್ಲ ನೋಡಿಕೊಳ್ಳುತ್ತದಂತೆ?

ಉತ್ತರ: ಎಲ್ಲ ಅಲ್ಲ. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಕಡ್ಡಾಯ ಆರೈಕೆ ವಿಮೆ ತಂದವು. ಜಪಾನಿನಲ್ಲಿ 40 ತುಂಬಿದವರೆಲ್ಲ ಅದಕ್ಕೆ ಕಂತು ಕಟ್ಟುತ್ತಾರೆ, ಆರೈಕೆ ಪಡೆಯುವಾಗಲೂ ಆದಾಯ ನೋಡಿಕೊಂಡು ಶೇ 10ರಿಂದ 30 ಕೈಯಿಂದ ಕೊಡುತ್ತಾರೆ. ಜರ್ಮನಿಯದ್ದು ಪೂರ್ತಿ ಖರ್ಚು ಭರಿಸುವ ವಿಮೆಯೇ ಅಲ್ಲ.

ಪ್ರಶ್ನೆ: ನನಗೆ 34. ಈಗಲೇ ಮಾಡಿಸಲಾ?

ಉತ್ತರ: ಬೇಡ. ಮೊದಲು ಟರ್ಮ್ ವಿಮೆ (ನಿಗದಿತ ಅವಧಿಯೊಳಗೆ ಸತ್ತರೆ ಮಾತ್ರ ಮನೆಯವರಿಗೆ ಹಣ ಕೊಡುವ ಜೀವವಿಮೆ) ಮಾಡಿಸಿ, ಐವತ್ತು ದಾಟಿದ ಮೇಲೆ ಬರೆಯಿರಿ.