ಹೆಸರು ಕೇಳದ ಅಭ್ಯರ್ಥಿಗಳನ್ನೂ ಚರ್ಚೆಗೆ ಕರೆಯಬೇಕಾ? ನಾವು ಕರೆದಿರಲಿಲ್ಲ

ಚುನಾವಣೆಗೆ ಮೊದಲು ನಿಮ್ಮ ಯುವಕ ಸಂಘದಿಂದ ಅಭ್ಯರ್ಥಿಗಳ ಮುಖಾಮುಖಿ ಇಡಬೇಕು ಅಂತಿದ್ದೀರಿ. ಗೆಲ್ಲುವ ಮೂವರು ಸಾಕಾ, ಯಾರೂ ಹೆಸರು ಕೇಳದ ಪಕ್ಷೇತರರನ್ನೂ ಕರೆಯಬೇಕಾ ಅಂತ ಕೇಳಿದ್ದೀರಿ. ಸೋಮವಾರಪೇಟೆ ಕಡೆಯವರು ಅಂತಲೂ ಬರೆದಿದ್ದೀರಿ. ಓದಿ ನಗು ಬಂತು, ಆಮೇಲೆ ನಗು ನಿಂತಿತು. ಇದೇ ಪ್ರಶ್ನೆ ಇಟ್ಟುಕೊಂಡು ನಾವು ಏಳು ಜನ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಮೂರು ಸಂಜೆ ಕೂತಿದ್ದೆವು. ಉತ್ತರವೂ ಸಿಕ್ಕಿತ್ತು. ಅದರ ಫಲವಾಗಿ ಸಂಘವೇ ಇಲ್ಲವಾಯಿತು.

ಯಾವ ವರ್ಷ, ಯಾವ ಕ್ಷೇತ್ರ ಅಂತ ಹೇಳುವುದಿಲ್ಲ. ಕೊಡಗಿನಲ್ಲಿ ಮೊದಲು ಮೂರು ವಿಧಾನಸಭಾ ಕ್ಷೇತ್ರ ಇದ್ದವು, 2008ರಿಂದ ಮಡಿಕೇರಿ, ವಿರಾಜಪೇಟೆ ಅಂತ ಎರಡೇ. ಒಂದು ಸುಳಿವು ಕೊಟ್ಟರೂ ಕುಶಾಲನಗರದಿಂದ ಕುಟ್ಟದವರೆಗೆ ಎಲ್ಲರಿಗೂ ಯಾರು ಅಂತ ಗೊತ್ತಾಗಿಬಿಡುತ್ತದೆ.

ನಾಮಪತ್ರ ವಾಪಸು ತೆಗೆಯುವ ದಿನ ಮುಗಿದಾಗ ಕಣದಲ್ಲಿ ಉಳಿದದ್ದು ಒಂಬತ್ತು ಜನ. ಮೂವರು ದೊಡ್ಡ ಪಕ್ಷದವರು. ಇಬ್ಬರದು ಹೆಸರು ಕೇಳಿದ್ದರೂ ಬಾವುಟ ನೋಡಿರದ ಪಕ್ಷ. ನಾಲ್ವರು ಪಕ್ಷೇತರರು. ಅದರಲ್ಲಿ ಒಬ್ಬರ ಹೆಸರು ದೊಡ್ಡ ಅಭ್ಯರ್ಥಿಯೊಬ್ಬರ ಹೆಸರಿನ ಹಾಗೇ ಇತ್ತು. ಅವರು ಯಾಕೆ ನಿಂತಿದ್ದರು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇನ್ನೊಬ್ಬರು ನಮ್ಮ ಹವಾಲ್ದಾರ್ ಅಣ್ಣ.

ಅವರು ಸೇನೆಯಿಂದ ಬಂದ ಮೇಲೆ ಒಂದು ಜೀಪ್ ಇಟ್ಟುಕೊಂಡಿದ್ದರು. ಬೆಳಿಗ್ಗೆ ಕೂಲಿಯವರನ್ನು ತೋಟಕ್ಕೆ ಬಿಡುವುದು, ಸಂಜೆ ವಾಪಸು ತರುವುದು, ಸಂತೆ ದಿನ ಸಾಮಾನು ಸಾಗಿಸುವುದು. ನಿವೃತ್ತ ಸೈನಿಕರು ನಮ್ಮಲ್ಲಿ ಬೇಲಿಗೊಬ್ಬರು ಸಿಗುತ್ತಾರೆ, ಹಾಗಾಗಿ ಅದರಿಂದ ಅವರಿಗೆ ವಿಶೇಷ ಮರ್ಯಾದೆ ಏನೂ ಇರಲಿಲ್ಲ. ಚಿಹ್ನೆ ಹೊಲಿಗೆ ಯಂತ್ರ. ಅದು ಕೈಗೆ ಸಿಕ್ಕಿದ್ದೂ ಕೊನೆಯ ಪಟ್ಟಿ ಬಂದ ಮೇಲೇ. ದೊಡ್ಡ ಪಕ್ಷಗಳ ಚಿಹ್ನೆ ಅಂಗನವಾಡಿ ಮಕ್ಕಳಿಗೂ ಗೊತ್ತು. ಪಕ್ಷೇತರನಿಗೆ ಚಿಹ್ನೆ ಸಿಕ್ಕಿದ ಮೇಲೆ ಮತದಾನಕ್ಕೆ ಇರುವುದು ಹೆಚ್ಚುಕಡಿಮೆ ಎರಡು ವಾರ. ಅಷ್ಟರಲ್ಲಿ ಕರಪತ್ರ ಅಚ್ಚು ಹಾಕಿಸಬೇಕು, ಆದಿವಾಸಿಗಳ ಹಾಡಿ, ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರ ಪೈಸಾರಿ ಎಲ್ಲ ತಿರುಗಬೇಕು. ಅವರ ಕರಪತ್ರದ ಡಿಟಿಪಿ ಮಾಡಿಕೊಟ್ಟವನು ನಾನೇ. ದುಡ್ಡು ಲೆಕ್ಕ ಹಾಕಿ ಕೊಟ್ಟಿದ್ದರು.

ಒಂಬತ್ತು ಜನ ಜಾಸ್ತಿ ಆಯಿತು ಅಂತ ನಮಗೆ ಅನ್ನಿಸಿತು. ಸಮುದಾಯ ಭವನ ಸಿಕ್ಕಿದ್ದು ಎರಡೇ ಗಂಟೆಗಳ ಮಟ್ಟಿಗೆ. ಆಗ ನಮ್ಮ ಖಜಾಂಚಿಯ ತಮ್ಮ ಬೆಂಗಳೂರಿನಿಂದ ಫೋನ್ ಮಾಡಿ ಒಂದು ಉಪಾಯ ಹೇಳಿದ. ಅಮೆರಿಕದ ಅಧ್ಯಕ್ಷ ಚುನಾವಣೆಯ ಚರ್ಚೆಗೆ ಸಮೀಕ್ಷೆಗಳಲ್ಲಿ ಶೇ 15 ಬೆಂಬಲ ಇರುವವರನ್ನು ಮಾತ್ರ ಕರೆಯುತ್ತಾರಂತೆ. ನಮಗೆ ನಿಧಿ ಸಿಕ್ಕಿದ ಹಾಗಾಯಿತು. ನಮ್ಮ ಕ್ಷೇತ್ರಕ್ಕೆ ಯಾರು ಸಮೀಕ್ಷೆ ಮಾಡುತ್ತಾರೆ? ಅದಕ್ಕೆ ನಾವು "ಕಳೆದ ಚುನಾವಣೆಯಲ್ಲಿ ಅಭ್ಯರ್ಥಿಯಾಗಲಿ ಅವರ ಪಕ್ಷವಾಗಲಿ ಶೇ 5 ಮತ ಪಡೆದಿರಬೇಕು" ಅಂತ ಬರೆದೆವು. ಟೈಪ್ ಮಾಡಿದ್ದು ನಾನು. ಸೀಲ್ ಒತ್ತಿದ್ದೂ ನಾನು.

ಈಗ ನನ್ನ ತಪ್ಪು ಯಾವುದು ಅಂತ ಸರಿಯಾಗಿ ಕೇಳಿಸಿಕೊಳ್ಳಿ, ಯಾಕೆಂದರೆ ಇದನ್ನು ಹೇಳಿದಾಗಲೆಲ್ಲ ಜನ ಬೇರೆ ಏನನ್ನೋ ಹಿಡಿದುಕೊಳ್ಳುತ್ತಾರೆ. ಶೇ 5 ಅಂದದ್ದು ತಪ್ಪಲ್ಲ. ಎರಡು ಅಂದಿದ್ದರೂ, ಹತ್ತು ಅಂದಿದ್ದರೂ ತಪ್ಪಲ್ಲ. ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಯಮ ಬರೆದದ್ದು ತಪ್ಪು. ಮೊದಲ ಸಂಜೆ ನಾವು ಶೇ 3 ಅಂತ ಬರೆದಿದ್ದೆವು. ಯಾರೋ ಹಳೆಯ ಫಲಿತಾಂಶ ತೆಗೆದು ನೋಡಿದರು. ಮೂರು ಅಂದರೆ ಸಣ್ಣ ಪಕ್ಷದ ಒಬ್ಬರು ಒಳಗೆ ಬರುತ್ತಾರೆ. ಅವರು ಮೈಕ್ ಹಿಡಿದರೆ ಬಿಡುವವರಲ್ಲ. ಅದಕ್ಕೆ ಐದು ಮಾಡಿದೆವು. ಐದು ಅಂದ ಕೂಡಲೇ ನಮಗೆ ಬೇಕಾದ ಮೂವರು ಮಾತ್ರ ಉಳಿದರು. ಮುಖ ನೋಡಿ ಮಣೆ ಹಾಕಿದೆವು, ಆಮೇಲೆ ಮಣೆಯ ಅಳತೆ ಇಷ್ಟೇ ಅಂತ ಬರೆದಿಟ್ಟೆವು. ಚುನಾವಣೆ ಘೋಷಣೆಗೆ ತಿಂಗಳು ಮೊದಲೇ ಅದೇ ಐದನ್ನು ಬರೆದು ಅಂಗಡಿ ಬಾಗಿಲಿಗೆ ಅಂಟಿಸಿದ್ದರೆ ಹವಾಲ್ದಾರ್ ಅಣ್ಣನೂ ತಕರಾರು ತೆಗೆಯುತ್ತಿರಲಿಲ್ಲ. ಸೇನೆಯಲ್ಲಿ ಇದ್ದವರು, ನಿಯಮ ಅಂದರೆ ನಿಯಮ.

ಇದು ನಮಗೇನು ನಷ್ಟ ಮಾಡಿತು ಅಂದರೆ, ಆಹ್ವಾನ ಕೊಡಲು ಹೋದಾಗ ಒಬ್ಬ ದೊಡ್ಡ ಅಭ್ಯರ್ಥಿಯ ಕಡೆಯವರು ಪತ್ರ ಓದಿ "ಜೀಪಿನವನನ್ನು ಬಿಟ್ಟಿದ್ದೀರಲ್ಲ, ಒಳ್ಳೆ ಕೆಲಸ ಮಾಡಿದ್ರಿ" ಅಂದರು. ನಾವು ನಕ್ಕೆವು. ಆ ನಗುವಿನಲ್ಲೇ ಅವರಿಗೆ ಗೊತ್ತಾಯಿತು, ಇವರು ಬಗ್ಗುತ್ತಾರೆ ಅಂತ. ಮರುದಿನ ಪ್ರಶ್ನೆಗಳನ್ನು ಮೊದಲೇ ಕೊಡಿ ಅಂದರು, ಕೊಟ್ಟೆವು. ಇನ್ನೊಬ್ಬರ ಕಡೆಯವರು ಕೊನೆಗೆ ಮಾತಾಡುವ ಅವಕಾಶ ನಮಗೇ ಬೇಕು ಅಂದರು, ಹೂಂ ಅಂದೆವು. ಮೂರನೆಯವರು ಜನರಿಂದ ನೇರ ಪ್ರಶ್ನೆ ಬೇಡ, ಚೀಟಿಯಲ್ಲಿ ಬರೆದು ಕೊಡಲಿ ಅಂದರು. ಅದಕ್ಕೂ ಹೂಂ. ಒಂದು ನಿಯಮವನ್ನು ನಾವೇ ನಮ್ಮ ಅನುಕೂಲಕ್ಕೆ ಬರೆದುಕೊಂಡಿದ್ದೆವಲ್ಲ, ಇನ್ನೊಬ್ಬರಿಗೆ ಇಲ್ಲ ಅನ್ನಲು ಬಾಯಿ ಎಲ್ಲಿಂದ ಬರಬೇಕು?

ಕಾರ್ಯಕ್ರಮ ಸಂಜೆ ಆರಕ್ಕೆ. ನಾಲ್ಕು ಗಂಟೆಗೆ ಮೊದಲ ಫೋನ್ ಬಂತು. ಮೇಲಿನ ನಾಯಕರು ಬಂದಿದ್ದಾರೆ, ಸಾಹೇಬರು ಅಲ್ಲಿಗೆ ಹೋಗಬೇಕು ಅಂದರು. ಐದಕ್ಕೆ ಎರಡನೆಯ ಫೋನ್. "ಅವರೇ ಬರಲ್ಲ ಅಂದ್ಮೇಲೆ ನಾವೊಬ್ಬರೇ ಬಂದು ಬೈಸಿಕೊಳ್ಳೋದ್ಯಾಕೆ?" ಮೂರನೆಯವರು ಫೋನೂ ಮಾಡಲಿಲ್ಲ.

ಆ ಹೊತ್ತಿಗೆ ಗುಡುಗು ಮಳೆ ಶುರುವಾಗಿ ಕರೆಂಟ್ ಹೋಯಿತು. ಮಳೆಯಲ್ಲೂ ಭವನ ಮುಕ್ಕಾಲು ತುಂಬಿತ್ತು. ವೇದಿಕೆ ಮೇಲೆ ಬಿಳಿ ಬಟ್ಟೆ ಹೊದಿಸಿದ ಮೂರು ಕುರ್ಚಿ, ಮೂರು ನೀರಿನ ಬಾಟಲಿ. ಜನರೇಟರ್ ಸದ್ದಿನಲ್ಲಿ ನಾನು ಏನೇನೋ ಹೇಳುತ್ತಿದ್ದೆ. ಹಿಂದಿನಿಂದ ಯಾರೋ ಕೂಗಿದರು, "ಹವಾಲ್ದಾರ್ ಬಂದಿದ್ದಾರೆ, ಅವರನ್ನಾದ್ರೂ ಮಾತಾಡಿಸ್ರಪ್ಪಾ!" ನೋಡಿದರೆ ಬಾಗಿಲ ಹತ್ತಿರ ಮಳೆ ಕೋಟು ಹಾಕಿಕೊಂಡು ನಿಂತಿದ್ದರು. ನಾನು ಮೈಕಿನಲ್ಲೇ ಕರೆದೆ, "ಅಣ್ಣ, ಬನ್ನಿ ಮೇಲೆ." ಅವರು ಅಲ್ಲಿಂದಲೇ ಹೇಳಿದರು, "ನಿಮ್ಮ ಶೇಕಡಾ ಐದು ನನ್ನ ಹತ್ತಿರ ಇಲ್ಲವಲ್ಲ ತಮ್ಮಾ." ಜನ ನಕ್ಕರು. ಅವರು ನಗಲಿಲ್ಲ. ಜೀಪ್ ಸ್ಟಾರ್ಟ್ ಆದ ಸದ್ದು ಒಳಗೆ ಕೇಳಿಸಿತು.

ಒಂಬತ್ತು ಕುರ್ಚಿ ಹಾಕಿದ್ದರೆ ಏನಾಗುತ್ತಿತ್ತು ಯೋಚಿಸಿ. ಮೂವರು ಬಾರದಿದ್ದರೂ ಆರು ಜನ ಇರುತ್ತಿದ್ದರು. ಜನ ಆ ಮೂರು ಖಾಲಿ ಕುರ್ಚಿ ನೋಡಿ "ಅವರು ಬರಲಿಲ್ಲ" ಅನ್ನುತ್ತಿದ್ದರು. ಇದ್ದದ್ದೇ ಮೂರು ಕುರ್ಚಿ, ಮೂರೂ ಖಾಲಿ. ಜನ "ಇವರಿಗೆ ಕಾರ್ಯಕ್ರಮ ಮಾಡಲು ಬರಲ್ಲ" ಅಂದರು.

ಸಣ್ಣವರನ್ನು ಕರೆದರೆ ದೊಡ್ಡವರು ಬರಲ್ಲ ಅನ್ನುವ ಹೆದರಿಕೆ ನಿಮ್ಮ ಪ್ರಶ್ನೆಯಲ್ಲೂ ಕಾಣುತ್ತಿದೆ. ಆಮೇಲೆ ನಾನು ಇದರ ಬಗ್ಗೆ ಸ್ವಲ್ಪ ಓದಿದೆ. (ಮೊದಲೇ ಓದಬೇಕಿತ್ತು.) 1980ರಲ್ಲಿ ಅಮೆರಿಕದಲ್ಲಿ ಜಾನ್ ಆಂಡರ್ಸನ್ ಅನ್ನುವ ಪಕ್ಷೇತರರನ್ನು ಚರ್ಚೆಗೆ ಕರೆದರು ಅಂತ ಆಗಿನ ಅಧ್ಯಕ್ಷ ಕಾರ್ಟರ್ ಬರಲೇ ಇಲ್ಲ. ಸಂಘಟಕರು ಕೈಬಿಡಲಿಲ್ಲ. ಬಾಲ್ಟಿಮೋರ್‌ನಲ್ಲಿ ಕಾರ್ಟರ್ ಎದುರು ನಿಂತಿದ್ದ ರೇಗನ್ ಮತ್ತು ಆಂಡರ್ಸನ್ ಇಬ್ಬರೇ ಮಾತಾಡಿದರು. ಸಂಘಟಿಸಿದ್ದು ಮಹಿಳಾ ಮತದಾರರ ಒಂದು ಸಂಘ. ಅವರಿಗಿದ್ದ ಧೈರ್ಯ ನಮ್ಮ ಏಳು ಗಂಡಸರಿಗೆ ಇರಲಿಲ್ಲ.

ಬೆಂಬಲ ನೋಡಿ ಚರ್ಚೆಗೆ ಕರೆಯುವ, ನಾವು ನಕಲು ಮಾಡಿದ ಆ ಪದ್ಧತಿಯಲ್ಲೂ ತೊಡಕಿದೆ. 1992ರಲ್ಲಿ ರಾಸ್ ಪೆರೋ ಅನ್ನುವ ಪಕ್ಷೇತರರು ಮೂರು ಚರ್ಚೆಗಳಲ್ಲಿ ಕೂತರು, ಸುಮಾರು ಶೇ 19 ಮತ ಪಡೆದರು. 1996ರಲ್ಲಿ ಅವರು ಮತ್ತೆ ನಿಂತಾಗ ಗೆಲ್ಲುವ ಹಾಗಿಲ್ಲ ಅಂತ ಚರ್ಚೆಗೆ ಕರೆಯಲಿಲ್ಲ. ಮತ ಶೇ 8ರ ಹತ್ತಿರಕ್ಕೆ ಇಳಿಯಿತು. ಅದಕ್ಕೆ ಬೇರೆ ಕಾರಣವೂ ಇದ್ದೀತು. ಆದರೆ ಚರ್ಚೆಗೆ ಮೊದಲೇ ಬೆಂಬಲ ಅಳೆಯುವುದು ಕಾಫಿ ಗಿಡ ಹೂ ಬಿಡಿಸುವ ಹೂ ಮಳೆ ಬರುವ ಮೊದಲೇ ಫಸಲು ಲೆಕ್ಕ ಹಾಕಿದ ಹಾಗೆ. ತೋಟ ಇರುವವರು ಯಾರೂ ಆ ಕೆಲಸ ಮಾಡಲ್ಲ.

ಇನ್ನು ಪಕ್ಷೇತರ ಅಂದರೆ ಸುಮ್ನೆ ನಿಲ್ಲುವವನು ಅನ್ನುವ ಮಾತು. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಲ್ಲಿ, ಇಲ್ಲಿನ ವಿಧಾನಸಭೆಗೆ 24 ಸ್ಥಾನ. 15 ಕಾಂಗ್ರೆಸ್ಸಿಗೆ, ಉಳಿದ 9 ಪಕ್ಷೇತರರಿಗೆ. ನಮ್ಮ ಅಜ್ಜಂದಿರಿಗೆ ಇಲ್ಲದ ಮಡಿ ನಮಗ್ಯಾಕೆ?

ಒಂದು ವಿಷಯ ಬಾಕಿ ಇದೆ. ಬರೆಯಲೋ ಬೇಡವೋ ಅಂತ ಇಷ್ಟು ಹೊತ್ತು ಯೋಚಿಸಿದೆ. ಹವಾಲ್ದಾರ್ ಅಣ್ಣನ ಕರಪತ್ರದಲ್ಲಿ ಇದ್ದದ್ದು ಒಂದೇ ವಿಷಯ, ಲೈನ್ ಮನೆಯವರ, ಅಂದರೆ ತೋಟದ ಮಾಲೀಕರು ಕೊಟ್ಟ ಸಾಲು ಮನೆಗಳಲ್ಲಿ ಇರುವ ಕೂಲಿಯವರ ವಿಳಾಸ. ತೋಟದ ಲೈನಿನಲ್ಲಿ ಇರುವವರಿಗೆ ಸ್ವಂತ ಮನೆ ನಂಬರ್ ಇಲ್ಲ. ತೋಟ ಬದಲಾಯಿಸಿದರೆ ಕಾರ್ಡಿನಲ್ಲಿ ಹಳೆಯ ತೋಟದ ಹೆಸರೇ ಇರುತ್ತದೆ. ಇಲ್ಲೇ ಇದ್ದಾರೆ ಅಂತ ತೋಟದವರು ಒಂದು ಪತ್ರ ಬರೆದುಕೊಟ್ಟರೆ ವಿಳಾಸ ಬದಲಿಸುವ ಕೆಲಸ ಎಷ್ಟೋ ಹಗುರ. ಕೊಡುವುದಿಲ್ಲ, ನಾಳೆ ಮನೆ ನಮ್ಮದು ಅಂದರೆ ಅನ್ನುವ ಭಯ. ನಮ್ಮ ಸಂಘದ ಏಳೂ ಜನಕ್ಕೆ ತೋಟ ಇತ್ತು. ನನಗೆ ನಾಲ್ಕು ಎಕರೆ, ಮೂರು ಲೈನ್ ಕೋಣೆ. ನಾನೂ ಪತ್ರ ಕೊಟ್ಟವನಲ್ಲ. ಆ ಕರಪತ್ರದ ಅಕ್ಷರ ಜೋಡಿಸುವಾಗಲೇ ನನಗೆ ಗೊತ್ತಿತ್ತು, ಈ ಮನುಷ್ಯ ವೇದಿಕೆ ಹತ್ತಿದರೆ ಪ್ರಶ್ನೆ ಅಭ್ಯರ್ಥಿಗಳಿಗೆ ಮಾತ್ರ ಬೀಳುವುದಿಲ್ಲ ಅಂತ. ಆ ನಿಯಮ ಬರೆದದ್ದಕ್ಕೆ ಸಮಯದ ಅಭಾವ ಮಾತ್ರ ಕಾರಣ ಅಂತ ನಾನು ಹೇಳಿದರೆ ನೀವು ನಂಬಬೇಡಿ.

ಹಾಗಾಗಿ "ಕರೆಯಬೇಕಾ ಬೇಡವಾ" ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಯಾರು ಅಭ್ಯರ್ಥಿ ಅನ್ನುವುದನ್ನು ಕಾನೂನು ಆಗಲೇ ಜರಡಿ ಹಿಡಿದಿರುತ್ತದೆ. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು. ಆರನೇ ಒಂದು ಭಾಗ ಮತ ಬರದಿದ್ದರೆ ದುಡ್ಡೂ ಹೋಯಿತು. ಇದರ ಮೇಲೆ ನಿಮ್ಮದೂ ಒಂದು ಜರಡಿ ಯಾಕೆ? ಬೇಕೇ ಬೇಕು ಅಂದರೆ ಈಗಲೇ, ಯಾರು ನಿಲ್ಲುತ್ತಾರೆ ಅಂತ ಗೊತ್ತಾಗುವ ಮೊದಲೇ ಬರೆದು ಊರಿಗೆಲ್ಲ ಹಂಚಿ. ನನ್ನ ಪ್ರಕಾರ ಒಂದೇ ಷರತ್ತು ಸಾಕು: ಹಿಂದಿನ ದಿನದ ತಯಾರಿ ಸಭೆಗೆ ಅಭ್ಯರ್ಥಿ ಸ್ವತಃ ಬರಬೇಕು, ಏಜೆಂಟ್ ಅಲ್ಲ. ಹೆಸರಿಗೆ ನಿಂತ ಡಮ್ಮಿಗಳು ಅಲ್ಲೇ ಉದುರುತ್ತಾರೆ. ಒಂಬತ್ತು ಜನಕ್ಕೆ ಏಳೇಳು ನಿಮಿಷ ಕೊಟ್ಟರೂ ಗಂಟೆಯ ಮೇಲೆ ಮೂರು ನಿಮಿಷ. ಯಾರಾದರೂ ಸ್ವಂತ ಜೀವನ ಚರಿತ್ರೆ ಶುರು ಮಾಡಿದರೆ ಮೈಕ್ ಆಫ್ ಮಾಡಿ. ಯಾರು ಮೊದಲು ಅನ್ನುವುದಕ್ಕೆ ಜನರ ಮುಂದೆಯೇ ಚೀಟಿ ಎತ್ತಿ. ಮತಯಂತ್ರದಲ್ಲಿ ಪಕ್ಷೇತರರು ಹೇಗೂ ಕೊನೆಗೇ ಇರುತ್ತಾರೆ, ನಿಮ್ಮ ವೇದಿಕೆಯಲ್ಲೂ ಬೇಡ. ಚುನಾವಣಾಧಿಕಾರಿಯ ಅನುಮತಿ ಮೊದಲೇ ತೆಗೆದುಕೊಳ್ಳಿ. ಮತದಾನ ಮುಗಿಯುವುದಕ್ಕೆ 48 ಗಂಟೆ ಮೊದಲೇ ಪ್ರಚಾರ ನಿಲ್ಲಬೇಕು ಅನ್ನುವುದನ್ನೂ ನೆನಪಿಡಿ. ಸಾಧ್ಯವಾದರೆ ಸಂತೆ ದಿನ ಮಧ್ಯಾಹ್ನ ಇಡಿ. ಲೈನಿನವರಿಗೆ ರಜೆ ಇರುವುದು ಅವತ್ತೇ. ನಾವು ವಾರದ ಮಧ್ಯೆ ಸಂಜೆ ಇಟ್ಟಿದ್ದೆವು, ಬಂದವರೆಲ್ಲ ಪೇಟೆಯವರು.

ಹವಾಲ್ದಾರ್ ಅಣ್ಣನಿಗೆ ಕೆಲವು ನೂರು ಮತ ಬಿತ್ತು, ಠೇವಣಿ ಹೋಯಿತು. ವೇದಿಕೆ ಹತ್ತಿದ್ದರೂ ಗೆಲ್ಲುತ್ತಿರಲಿಲ್ಲ. ಈಗಲೂ ಜೀಪ್ ಓಡಿಸುತ್ತಾರೆ. ಜೆರಾಕ್ಸ್ ಬೇಕಾದರೆ ನನ್ನ ಅಂಗಡಿ ದಾಟಿ ಮುಂದಿನ ತಿರುವಿನಲ್ಲಿರುವ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಒಂದು ರೂಪಾಯಿ ಜಾಸ್ತಿ.

ಸಂಘ ಅದೇ ವರ್ಷ ಒಡೆಯಿತು. ಅದರ ಅರವತ್ತು ಪ್ಲಾಸ್ಟಿಕ್ ಕುರ್ಚಿ ನನ್ನ ಗೋಡೌನಿನಲ್ಲಿ ಕಾಫಿ ಚೀಲದ ಹಿಂದೆ ಬಿದ್ದಿವೆ. ವೇದಿಕೆಗೆ ಹಾಕಿದ್ದ ಮೂರೂ ಅದರಲ್ಲೇ ಇವೆ. ನಿಮ್ಮ ಕಾರ್ಯಕ್ರಮಕ್ಕೆ ಬೇಕಿದ್ದರೆ ಹೇಳಿ, ಬಾಡಿಗೆ ಬೇಡ. ಒಯ್ಯುವ ಜೀಪ್ ಮಾತ್ರ ನೀವೇ ನೋಡಿಕೊಳ್ಳಬೇಕು.