ಆಳದ ಹವಳದ ದಿಬ್ಬದಲ್ಲಿ ಸಿಕ್ಕ ಮೀನು ಹೊಸ ಪ್ರಭೇದ ಎನ್ನಲು ಬಣ್ಣ ಬೇರೆಯಾಗಿದ್ದರೆ ಸಾಕೇ? ಕಲಬುರಗಿಯಲ್ಲಿದ್ದುಕೊಂಡು ಈ ಕೆಲಸ ಕಲಿಯಬಹುದೇ?

ಸಾಲದು. ಬಣ್ಣ ಅನುಮಾನ ಹುಟ್ಟಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ನಾನು ಕಲಬುರಗಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಈ ಪಾಠಕ್ಕೆ ನಾನು ಆರಿಸಿಕೊಳ್ಳುವುದು ಮಾಲ್ಡೀವ್ಸ್‌ನ ಒಂದು ಮೀನನ್ನು.

40ರಿಂದ 70 ಮೀಟರ್ ಆಳದಲ್ಲಿ ಬದುಕುವ ಈ ಗುಲಾಬಿ ಬಣ್ಣದ ಮೀನು 1990ರ ದಶಕದಲ್ಲೇ ಸಂಶೋಧಕರ ಕೈಗೆ ಸಿಕ್ಕಿತ್ತು. ಸಿರಿಲ್ಯಾಬ್ರಸ್ ರುಬ್ರಿಸ್ಕ್ವಾಮಿಸ್ ಎಂಬ ಮೀನೇ ಬೆಳೆದು ಹೀಗಾಗಿದೆ ಎಂದುಕೊಂಡು ಸುಮ್ಮನಾದರು. ಆ ಹಳೆಯ ಪ್ರಭೇದವನ್ನಾದರೂ ವಿವರಿಸಿದ್ದು, ಎಂದರೆ ಲಕ್ಷಣಗಳನ್ನು ಬರೆದು ಹೆಸರಿಟ್ಟದ್ದು, ಹೇಗೆ? ಸುಮಾರು ಸಾವಿರ ಕಿ.ಮೀ. ದಕ್ಷಿಣದ ಚಾಗೋಸ್ ದ್ವೀಪಗಳಲ್ಲಿ ಸಿಕ್ಕ ಒಂದೇ ಒಂದು ಮರಿಯಿಂದ! ಸಿರಿಲ್ಯಾಬ್ರಸ್ ಎಂಬ ಈ ಕುಲದ ಮೀನುಗಳಲ್ಲಿ ಮರಿಯ ಬಣ್ಣವೇ ಬೇರೆ, ಬೆಳೆದ ಗಂಡಿನದೇ ಬೇರೆ. ಆಳಕ್ಕಿಳಿಯುವುದು ಕಷ್ಟವಿದ್ದ ಕಾಲ ಎಂದು ಒಪ್ಪಿದರೂ, ಒಂದು ಮರಿಯ ಮೇಲೆ ಇಡೀ ಪ್ರಭೇದದ ಭಾರ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಮುಂದೆ ಮಾದರಿಗಳನ್ನು ಕೂಲಂಕಷವಾಗಿ ಹೋಲಿಸಿದಾಗ ಬೆನ್ನಿನ ಈಜುರೆಕ್ಕೆಯ ಮುಳ್ಳುಗಳ ಎತ್ತರ, ಹುರುಪೆಗಳ ಎಣಿಕೆ, ಪ್ರೌಢ ಗಂಡಿನ ಬಣ್ಣ, ಯಾವುದೂ ತಾಳೆಯಾಗಲಿಲ್ಲ. 2022ರಲ್ಲಿ ಝೂಕೀಸ್ ಎಂಬ ಪ್ರಾಣಿಶಾಸ್ತ್ರದ ಸಂಶೋಧನಾ ಪತ್ರಿಕೆಯಲ್ಲಿ ಅದು ಸಿರಿಲ್ಯಾಬ್ರಸ್ ಫಿನಿಫೆನ್ಮಾ ಎಂದು ಪ್ರಕಟವಾಯಿತು. ವಿವರಿಸಿದವರಲ್ಲಿ ಮಾಲ್ಡೀವ್ಸ್‌ನವರೇ ಆದ ಅಹ್ಮದ್ ನಜೀಬ್ ಒಬ್ಬರು. ಅಷ್ಟರಲ್ಲಾಗಲೇ ಗಾಜಿನ ತೊಟ್ಟಿಯ ಮೀನು ಸಾಕುವವರಿಗಾಗಿ ಅದರ ಮಾರಾಟ ನಡೆದಿತ್ತು. ಹೆಸರಿಗಿಂತ ಮೊದಲು ಬೆಲೆ ಕಟ್ಟುವುದು ನನ್ನನ್ನು ಇಂದಿಗೂ ಕೆರಳಿಸುತ್ತದೆ.

ಬಣ್ಣವನ್ನು ನಂಬದಿರಲು ಇನ್ನೊಂದು ಕಾರಣವಿದೆ. ಜೀವ ಹೋದೊಡನೆ ಅದು ಮಾಸತೊಡಗುತ್ತದೆ. ಉಳಿದದ್ದನ್ನು, ಮಾದರಿ ಕೆಡದಂತೆ ಬಳಸುವ ಫಾರ್ಮಲಿನ್, ಆಲ್ಕೋಹಾಲ್ ಹೀರಿಬಿಡುತ್ತವೆ. ಆದ್ದರಿಂದಲೇ ಈಜುರೆಕ್ಕೆಗಳನ್ನು ಬಿಡಿಸಿಟ್ಟು ಮೊದಲು ಫೋಟೊ ತೆಗೆಯುತ್ತಾರೆ. ಟಾಂಜಾನಿಯಾದ ಜಾಂಜಿಬಾರ್ ಬಳಿ ಸಿಕ್ಕು, 2019ರಲ್ಲಿ ಹೆಸರು ಪಡೆದ ಸಿರಿಲ್ಯಾಬ್ರಸ್ ವಕಾಂಡಾ ಅಪವಾದ. ಅದರ ಹುರುಪೆಗಳ ಗಾಢ ನೇರಳೆ, ಸಂರಕ್ಷಿಸಿಟ್ಟ ಮೇಲೂ ಹೋಗುವುದಿಲ್ಲ.

ಇನ್ನು ಕಲಬುರಗಿಯ ಪ್ರಶ್ನೆ. ಧಾರಾಳವಾಗಿ ಕಲಿಯಬಹುದು. ಮುಳುಗುವವರು ಬೇರೆಯವರೇ ಇರಲಿ. ಎಣಿಸುವುದು, ಅಳೆಯುವುದು, ಹಳೆಯ ವಿವರಣೆಗಳನ್ನು ಓದುವುದು ಮೇಜಿನ ಮೇಲಿನ ಕೆಲಸ. ಝೂಕೀಸ್ ಓದಲು ದುಡ್ಡು ಕೊಡಬೇಕಿಲ್ಲ. ಮೀನು ಮಾರುಕಟ್ಟೆಯಿಂದ ರೋಹು, ಕಾಟ್ಲಾ ತಂದು, ಮೈಯುದ್ದಕ್ಕೂ ಸಾಗುವ ಪಾರ್ಶ್ವರೇಖೆಯ ಹುರುಪೆಗಳನ್ನು ಭೂತಗನ್ನಡಿ ಹಿಡಿದು ಎಣಿಸಿ. ಎಲ್ಲಾದರೂ ಉದುರಿದ್ದರೆ ಅದು ಕೂತಿದ್ದ ಗುಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನೊಬ್ಬರಿಂದಲೂ ಎಣಿಸಿ, ಎರಡು ಲೆಕ್ಕಗಳನ್ನು ಹೋಲಿಸಿ. ಅಂದಹಾಗೆ, ಹುರುಪೆ ಹೆರೆಯಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿಡಿ. ಮಾತು ಮುಗಿಯುವುದರೊಳಗೆ ಅವರ ಕತ್ತಿ ಓಡಿರುತ್ತದೆ.